ಶಿವಪುತ್ರನ ಸ್ಟೂಲು ಮತ್ತು ಇಪ್ಪತ್ತೇಳನೇ ನಂಬರು

ನಮ್ಮ ಬಾಗಲಕೋಟೆಯ ಕಾಲೇಜಿನಲ್ಲಿ ಯುವ ಡಾಕ್ಟರುಗಳಿಗೂ ಯುವ ವಿಜ್ಞಾನಿಗಳಿಗೂ ಕ್ಯಾನ್ಸರ್ ಸಂಶೋಧನೆ ಕಲಿಸುವ ತರಬೇತಿ ಶುರುವಾದದ್ದು ಎರಡು ಸಾವಿರದ ಒಂದನೇ ಇಸವಿಯಲ್ಲಿ. ಅದರ ಮೊದಲ ಮಾಹಿತಿ ಪುಸ್ತಿಕೆಯನ್ನು ಟೈಪು ಮಾಡಿದವನು ಕಚೇರಿಯ ಗುಮಾಸ್ತನಾದ ನಾನೇ. ಹನ್ನೆರಡು ಪುಟದ ಆ ಪುಸ್ತಿಕೆಯಲ್ಲಿ ನಿರ್ದೇಶಕರ ಫೋಟೋ ಮೂರು ಕಡೆ ಇತ್ತು: ಕೂತದ್ದೊಂದು, ನಿಂತದ್ದೊಂದು, ಸೂಕ್ಷ್ಮದರ್ಶಕದೊಳಗೆ ಇಣುಕುತ್ತಿದ್ದದ್ದೊಂದು. ಕೊನೆಯ ಪುಟದಲ್ಲಿ 'ಲಭ್ಯವಿರುವ ಸೌಲಭ್ಯಗಳು' ಎಂಬ ತಲೆಬರಹದ ಕೆಳಗೆ ಗ್ರಂಥಾಲಯ, ಜನರೇಟರು, ತಣ್ಣೀರಿನ ಯಂತ್ರ ಆದ ಮೇಲೆ ನಾಲ್ಕನೆಯದಾಗಿ 'ಅನುಭವಿ ಸಹಾಯಕ, ಒಬ್ಬ' ಎಂದಿತ್ತು.

ಆ ಒಬ್ಬನೇ ಶಿವಪುತ್ರ.

ಶಿವಪುತ್ರ ಇಳಕಲ್ಲಿನ ನೇಕಾರರ ಮನೆಯವನು. ಎಂಟನೇ ವಯಸ್ಸಿಗೆ ಕುಣಿಮಗ್ಗದ ಪಕ್ಕ ಕೂತು ಹರಿದ ಎಳೆ ಕೂಡಿಸಲು ಕಲಿತವನು. ಏಳನೇ ಇಯತ್ತೆಗೆ ಸಾಲೆ ಬಿಟ್ಟ. ಓಣಿಯಲ್ಲಿ ವಿದ್ಯುತ್ ಮಗ್ಗಗಳ ಖಟಖಟ ಶುರುವಾಗಿ ಮನೆಯ ಒಂದು ಮಗ್ಗಕ್ಕೆ ಆರು ಕೈ ಹೆಚ್ಚಾದಾಗ ಬಾಗಲಕೋಟೆಗೆ ಬಂದು ನಮ್ಮ ಪೆಥಾಲಜಿ ವಿಭಾಗದಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದ. ಒಂದು ದಿನ ಅಲ್ಲಿನ ಟೆಕ್ನಿಷಿಯನ್ ಮಗಳ ಮದುವೆಗೆಂದು ರಜೆ ಹಾಕಿದ. ಆಪರೇಷನ್ನಿನ ಚೂರುಗಳು ಕಾಯುತ್ತಿದ್ದವು. ಕೈ ಹಚ್ಚುವವರು ಯಾರೂ ಇರಲಿಲ್ಲ. ಶಿವಪುತ್ರ ಕೈ ಒರೆಸಿಕೊಂಡು ಕೂತ. ಕೂತವನು ಏಳಲಿಲ್ಲ.

ಅವನ ಕೆಲಸ ಇಷ್ಟೇ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ ಸಾಬೂನಿನ ತುಂಡಿನಂತೆ ಗಟ್ಟಿ ಮಾಡುತ್ತಾರೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಆ ಬ್ಲಾಕನ್ನು ಕೈಚಕ್ರದ ಯಂತ್ರವೊಂದಕ್ಕೆ ಕಚ್ಚಿಸಿ ಹರಿತವಾದ ಅಲಗಿನ ಮೇಲೆ ಹಾಯಿಸಿದರೆ ಉಸಿರಿಗೆ ಹಾರುವಷ್ಟು ತೆಳ್ಳನೆಯ ಪದರುಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನಂತೆ ಇಳಿಯುತ್ತವೆ. ಅದನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಪಟ್ಟಿಯ ಮೇಲೆ ಎತ್ತಿಕೊಂಡು, ಬಣ್ಣ ಹಾಕಿ ಡಾಕ್ಟರರಿಗೆ ಕೊಡಬೇಕು. ಡಾಕ್ಟರರು ಸೂಕ್ಷ್ಮದರ್ಶಕದಲ್ಲಿ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಹೇಳುತ್ತಾರೆ. ನೂಲು, ಬಣ್ಣ, ಕೈಯ ಹದ, ಇವು ಮೂರರಲ್ಲೇ ಬೆಳೆದ ಮನುಷ್ಯನಿಗೆ ಇದು ಇನ್ನೊಂದು ಮಗ್ಗವಾಯಿತು.

ತರಬೇತಿಗೆ ವರ್ಷಕ್ಕೆ ಆರು ಜನ: ಮೂವರು ಡಾಕ್ಟರು, ಮೂವರು ವಿಜ್ಞಾನದ ಎಂ.ಎಸ್ಸಿ. ಮಾಡಿದವರು. ವಿಜ್ಞಾನಿಗಳು ರೋಗಿಯನ್ನೇ ಕಂಡಿಲ್ಲ ಎಂದು ಡಾಕ್ಟರರ ತಿಳುವಳಿಕೆ. ಡಾಕ್ಟರರು ರೋಗಿಯನ್ನು ಬಿಟ್ಟು ಬೇರೇನೂ ಕಂಡಿಲ್ಲ ಎಂದು ವಿಜ್ಞಾನಿಗಳದು. ಡಾಕ್ಟರರು ಕ್ಯಾಂಟೀನಿಗೂ ಬಿಳಿ ಕೋಟು ಹಾಕಿಕೊಂಡೇ ಹೋಗುತ್ತಿದ್ದರು. ವಿಜ್ಞಾನಿಗಳು ಚಹಾದ ಕುದಿಯುವ ಬಿಂದುವಿನ ಬಗ್ಗೆ ಕ್ಯಾಂಟೀನಿನವನಿಗೆ ಉಪದೇಶ ಮಾಡುತ್ತಿದ್ದರು. ಮೊದಲ ವಾರ ಎರಡೂ ಪಂಗಡದವರು ಶಿವಪುತ್ರನ ಯಂತ್ರದ ಮುಂದೆ ಕೂತು ಸಮಸಮನಾಗಿ ಸೋಲುತ್ತಿದ್ದರು. ಆಮೇಲೆ ಜಗಳ ತಾನೇ ನಿಲ್ಲುತ್ತಿತ್ತು.

"ಪೆನ್ ಕಿಸೇದಾಗ ಇರ್ಲಿ, ಚಂದ ಕಾಣ್ತೈತಿ," ಎನ್ನುತ್ತಿದ್ದ ಶಿವಪುತ್ರ. "ನಂಬರ್ ಮಾತ್ರ ಪೆನ್ಸಿಲಿನಾಗ ಬರೀರಿ. ಸ್ಪಿರಿಟಿನಾಗ ಅದ್ದಿದ್ರ ಪೆನ್ನಿನ ಮಸಿ ತೊಳದ ಹೊಕ್ಕೈತಿ. ಆಮ್ಯಾಲ ಕೆರೂರಿನವರ ಗಡ್ಡಿ ಬದಾಮಿಯವರ ಪಾಲಿಗೆ ಬರ್ತೈತಿ."

ಒಂದು ಕಾಲು ಗಿಡ್ಡವಾದ ಕಟ್ಟಿಗೆಯ ಸ್ಟೂಲು ಅವನದು, ಕಿಟಕಿಯ ಪಕ್ಕದಲ್ಲಿ. ಗಿಡ್ಡ ಕಾಲಿನ ಅಡಿಗೆ ಹಳೆಯ ಎಕ್ಸ್‌ರೇ ಫಿಲ್ಮು ಮಡಿಚಿಟ್ಟಿದ್ದ. ಬೇಸಿಗೆಯಲ್ಲಿ ಪದರುಗಳು ಗಾಳಿಗೆ ಹಾರದಿರಲೆಂದು ನೆಲಕ್ಕೆ ನೀರು ಹೊಡೆದು, ಬ್ಲಾಕು ಬಿರುಸಾದರೆ ಅದರ ಮೇಲೆ 'ಹಾ' ಎಂದು ಬಾಯಿಯ ಹಬೆ ಬಿಟ್ಟು ಕೂತಿರುತ್ತಿದ್ದ. ಎರಡು ಚಿನ್ನದ ಪದಕ ತಂದ ಡಾಕ್ಟರೊಬ್ಬರು ಅವನ ಪಕ್ಕದಲ್ಲಿ ಹದಿನೈದು ದಿನ 'ಹಾ' ಎನ್ನುವುದನ್ನೇ ಅಭ್ಯಾಸ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡು ಸಾವಿರದ ನಾಲ್ಕರ ಜನವರಿಯಲ್ಲಿ ಆ ಸ್ಟೂಲಿಗೆ ಗಂಡಾಂತರ ಬಂತು.

ತರಬೇತಿಗೆ ಹಣ ಕೊಡುವ ಸಂಸ್ಥೆಯಿಂದ ಪತ್ರ. ಇನ್ನು ಮೇಲೆ ಕಲಿಸುವವರೆಲ್ಲರಿಗೂ ಮಾನ್ಯತೆ ಪಡೆದ ಪ್ರಮಾಣಪತ್ರ ಇರಬೇಕು. ಫೆಬ್ರವರಿಯಲ್ಲಿ ಮುಂಬಯಿಯಿಂದ ತಜ್ಞರೊಬ್ಬರು ಬಂದು ಎಲ್ಲವನ್ನೂ ಪರಿಶೀಲಿಸುತ್ತಾರೆ. ನಿರ್ದೇಶಕರಾದ ಡಾಕ್ಟರ್ ಅಂದಪ್ಪನವರು ಶಿವಪುತ್ರನನ್ನು ತಮ್ಮ ಕೋಣೆಗೆ ಕರೆಸಿದರು. ಅಂದಪ್ಪನವರು ಕೆಟ್ಟವರಲ್ಲ. ಹೆಸರಿನ ಮುಂದಿನ ಮತ್ತು ಹಿಂದಿನ ಅಕ್ಷರಗಳಿಗೆ ಒಂದು ಬೋರ್ಡು ಸಾಲದೆ ಎರಡು ಬರೆಸಿದ್ದರು, ಅಷ್ಟೇ. ಸಭೆಯಲ್ಲಿ ಪುಸ್ತಕದ ಕನ್ನಡ ಮಾತಾಡುವರು, ಸಿಟ್ಟು ಬಂದಾಗ ಮನೆಯದು.

"ನೋಡಪ್ಪಾ ಶಿವಪುತ್ರ, ನಿನ್ನ ಕೆಲಸವೇ ನಿನ್ನ ಪ್ರಮಾಣಪತ್ರ ಎಂದು ನಾನು ವಾದಿಸುತ್ತೇನೆ," ಎಂದರು. ಆಮೇಲೆ ದನಿ ತಗ್ಗಿಸಿ, "ಆದ್ರ ಒಂದು ತಪ್ಪು ಕಾಣಬಾರ್ದು. ಒಂದ ಒಂದು ಕಂಡ್ರ ನನ್ನ ಕೈಯಾಗ ಏನೂ ಇಲ್ಲ. ಉಗ್ರಾಣದ ಕೀಲಿ ಇಸಗೊಂಡ ಬಿಡು," ಎಂದರು.

ಉಗ್ರಾಣವೆಂದರೆ ಮುರಿದ ಕುರ್ಚಿಗಳೂ ಹಳೆಯ ಫೈಲುಗಳೂ ಇರುವ ಕಿಟಕಿಯಿಲ್ಲದ ಕೋಣೆ. ಅದರ ಕೀಲಿ ಕೈಗೆ ಬಂತೆಂದರೆ ಸ್ಟೂಲು ಬಿಟ್ಟು ಅಲ್ಲಿ ಹೋಗಿ ಕೂಡಬೇಕು. ಶಿವಪುತ್ರ ಹೊರಗೆ ಬಂದು ನನ್ನ ಟೇಬಲಿನ ಮೇಲಿದ್ದ ತಂಬಿಗೆಯ ನೀರು ಪೂರಾ ಕುಡಿದ.

ಆ ವರ್ಷದ ತರಬೇತಿಯಲ್ಲಿ ಕೆರೂರಿನ ಡಾಕ್ಟರ್ ಚೇತನಾ ಇದ್ದಳು. ಬಾಯಿ ಕ್ಯಾನ್ಸರಿನ ನಲವತ್ತು ರೋಗಿಗಳ ಗಡ್ಡೆಗಳನ್ನು ಅವಳು ಅಭ್ಯಾಸ ಮಾಡುತ್ತಿದ್ದಳು. ತಂಬಾಕು, ಗುಟ್ಕಾ ನಮ್ಮ ಕಡೆಯ ಗಲ್ಲಗಳಿಗೆ ಮಾಡಿದ ಉಪಕಾರದಿಂದ ಅವಳಿಗೆ ಚೂರುಗಳ ಬರ ಇರಲಿಲ್ಲ. ಬೆಳೆಯುವ ಅವಸರದಲ್ಲಿರುವ ಕೋಶಗಳಿಗೆ ಮಾತ್ರ ಕಂದು ಬಣ್ಣ ಹಿಡಿಯುವ ಒಂದು ಪರೀಕ್ಷೆ ಇದೆ. ನಲವತ್ತರಲ್ಲೂ ಕಂದು ಕೋಶ ಎಷ್ಟೆಂದು ಎಣಿಸಬೇಕು. ಪ್ರತಿ ಗಡ್ಡೆಯದೂ ಎರಡು ಬ್ಲಾಕು: ಮೇಲ್ಭಾಗದ್ದೊಂದು, ಆಳದ್ದೊಂದು. ಮೇಲಿನ ಕೋಶಗಳು ವಯಸ್ಸಾಗಿ ಸುಮ್ಮನಾದವು, ಅವಸರ ಇರುವುದು ಆಳದಲ್ಲಿ. ಆದ್ದರಿಂದ ನಲವತ್ತೂ ಆಳದ ಬ್ಲಾಕಿನಿಂದಲೇ ಬರಬೇಕೆಂದು ಮೊದಲ ದಿನವೇ ನಿಯಮ ಮಾಡಿಕೊಂಡಿದ್ದಳು. ತಜ್ಞರ ಮುಂದೆ ಈ ಕೆಲಸವನ್ನು ಓದುವವಳೂ ಅವಳೇ.

ಶಿವಪುತ್ರ ಇಪ್ಪತ್ತಾರು ಬ್ಲಾಕು ಕೊಯ್ದು ಮುಗಿಸಿದ. ಇಪ್ಪತ್ತೇಳನೆಯದು ಕೆರೂರ ಹತ್ತಿರದ ಕುರಿ ಕಾಯುವ ಹುಲ್ಲಪ್ಪ ಎಂಬ ಅಜ್ಜನದು. ಆಳದ ಚೂರು ಬಹಳ ಸಣ್ಣದು. ಮೊದಲ ಪದರು ನೀರಿನ ಮೇಲೆ ಮಡಿಚಿಕೊಂಡಿತು, ಎರಡನೆಯದು ಹರಿಯಿತು, ಮೂರನೆಯದು ಕುಂಚಕ್ಕೆ ಅಂಟಿ ಮುದ್ದೆಯಾಯಿತು. ಇನ್ನು ಕೊಯ್ದರೆ ಚೂರೇ ಉಳಿಯುವುದಿಲ್ಲ ಅನಿಸಿತು ಅವನಿಗೆ. ಅದನ್ನು ಬದಿಗಿಟ್ಟು ಉಳಿದ ಹದಿಮೂರನ್ನು ಕೊಯ್ದ. ಟ್ರೇಯಲ್ಲಿ ಮೂವತ್ತೊಂಬತ್ತು ಗಾಜಿನ ಪಟ್ಟಿಗಳ ನಡುವೆ ಒಂದು ಖಾಲಿ ಜಾಗ, ಮುಂದಿನ ಹಲ್ಲು ಬಿದ್ದ ಹಾಗೆ. ಒಂದು ತಪ್ಪೂ ಕಾಣಬಾರದೆಂದು ಸಾಹೇಬರು ಹೇಳಿದ್ದಾರೆ.

ಆಗ ಅವನ ಕೈ ತನಗೆ ಗೊತ್ತಿದ್ದ ಹಳೆಯ ಕೆಲಸ ಮಾಡಿತು. ಮಗ್ಗದ ಹಾಸಿನಲ್ಲಿ ಎಳೆ ಹರಿದರೆ ನೇಕಾರ ಏನು ಮಾಡುತ್ತಾನೆ? ಅದೇ ಬಣ್ಣದ ಇನ್ನೊಂದು ಎಳೆ ತಂದು, ಕಣ್ಣಿಗೆ ಕಾಣದ ಗಂಟು ಹಾಕಿ ಮುಂದೆ ನೇಯುತ್ತಾನೆ. ಶಿವಪುತ್ರ ಅದೇ ಹುಲ್ಲಪ್ಪನ ಮೇಲ್ಭಾಗದ ಬ್ಲಾಕನ್ನು ತೆಗೆದ, ಚಂದವಾದ ಒಂದು ಪದರು ಇಳಿಸಿದ, ಪೆನ್ಸಿಲಿನಿಂದ ಇಪ್ಪತ್ತೇಳು ಎಂದು ಬರೆದ. ಅದೇ ಮನುಷ್ಯ, ಅದೇ ಗಡ್ಡೆ. ಟ್ರೇ ತುಂಬಿತು.

ವಾರ ಕಳೆದ ಮೇಲೆ ಚೇತನಾ ಎಣಿಸಲು ಕೂತಳು. ಮೂವತ್ತೊಂಬತ್ತರಲ್ಲಿ ಕಂದು ಕೋಶಗಳು ಕಿಕ್ಕಿರಿದಿದ್ದವು. ಇಪ್ಪತ್ತೇಳರಲ್ಲಿ ಹುಡುಕಿದರೂ ಸಿಗಲೊಲ್ಲವು. ಅವಳು ಹುಬ್ಬು ಗಂಟಿಕ್ಕಿ ನಿರ್ದೇಶಕರಿಗೆ ತೋರಿಸಿದಳು.

ಅಂದಪ್ಪನವರು ಇಣುಕಿದರು. ಫೋಟೋ ಇಲ್ಲದೆಯೂ ಬಹಳ ಹೊತ್ತು ಇಣುಕಿದರು. ತಲೆ ಎತ್ತಿದಾಗ ಅವರ ಮುಖದಲ್ಲಿ ಮೂರನೆಯ ಬೋರ್ಡಿನ ಬೆಳಕಿತ್ತು.

"ಇದು ಶಾಂತ ಗಡ್ಡೆ," ಎಂದರು. "ಕ್ಯಾನ್ಸರ್ ಹೌದು, ಆದರೆ ಅವಸರವಿಲ್ಲದ ಕ್ಯಾನ್ಸರ್. ಜಗತ್ತಿನಲ್ಲಿ ಇದನ್ನು ಹೀಗೆ ಯಾರೂ ಹೇಳಿಲ್ಲ. ಇದಕ್ಕೆ ನಾವು 'ಬಾಗಲಕೋಟೆ ಮಾದರಿ' ಎಂದು ಹೆಸರಿಡೋಣ."

"ಸರ್, ಇದು ಒಂದ ಕೇಸ್ ಐತ್ರಿ," ಎಂದಳು ಚೇತನಾ.

"ಎಲ್ಲವೂ ಒಂದರಿಂದಲೇ ಶುರುವಾಗುವುದು, ತಾಯಿ."

ಹುಲ್ಲಪ್ಪ ಯಾರು, ಏನು ತಿನ್ನುತ್ತಾನೆ ಎಂದು ವಿಚಾರಣೆ ಆಯಿತು. ಕುರಿ ಕಾಯುವವನು ಎಂದಾಗ ಸೋಮವಾರ ಸಿದ್ಧಾಂತಕ್ಕೆ ಬಯಲಿನ ಗಾಳಿ ಸೇರಿತು. ಮಂಗಳವಾರ ಜೋಳದ ರೊಟ್ಟಿ ಸೇರಿತು. ಬುಧವಾರ ಕುರಿಯ ಹಾಲಿನ ಮೊಸರು ಸೇರಿ ಒಂದು ಇಡೀ ಪ್ಯಾರಾ ಆಯಿತು. ಅದನ್ನು ನಾನು ಐದು ಸಲ ಟೈಪು ಮಾಡಿದೆ. ಪ್ರತಿ ಸಲವೂ ಮೊಸರು ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಗುರುವಾರ ಹುಲ್ಲಪ್ಪ ತಪಾಸಣೆಗೆ ಬಂದ. ಆಪರೇಷನ್ ಆಗಿ ಗಾಯ ಮಾಗಿತ್ತು, ಗಲ್ಲ ಸ್ವಲ್ಪ ಸೊಟ್ಟಗಿತ್ತು, ಮಾತು ನೆಟ್ಟಗಿತ್ತು. ನಿರ್ದೇಶಕರು ಅವನನ್ನು ತಮ್ಮ ಎದುರಿನ ಕುರ್ಚಿಯಲ್ಲಿ ಕೂಡಿಸಿ, ಚಹಾ ತರಿಸಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು.

"ನಿನ್ನ ರೋಗ ಎಲ್ಲರ ಹಾಗಲ್ಲ, ಹುಲ್ಲಪ್ಪಾ. ಬಹಳ ಅಪರೂಪದ್ದು."

"ಹಂಗೇನ್ರಿ ಸಾಹೇಬ್ರ," ಎಂದು ಹುಲ್ಲಪ್ಪ ಬೆನ್ನು ನೆಟ್ಟಗೆ ಮಾಡಿದ. ಹೊರಗೆ ಬಂದು ನನಗೆ ಹೇಳಿದ: "ನಮ್ಮೂರಾಗ ನಾಕ ಮಂದಿಗೆ ಬಂದೈತ್ರಿ ಈ ಬ್ಯಾನಿ. ಅವರದು ನನ್ನಂಥಾದ್ದಲ್ಲ ಅಂತ."

ಇದೆಲ್ಲ ನಡೆಯುವಾಗ ಶಿವಪುತ್ರ ತನ್ನ ಸ್ಟೂಲಿನ ಮೇಲೆ ಕೂತು ಬೆವರುತ್ತಿದ್ದ. ಇಪ್ಪತ್ತೇಳರಲ್ಲಿ ಕಂದು ಯಾಕಿಲ್ಲವೆಂದು ಆ ಕಟ್ಟಡದಲ್ಲಿ ಗೊತ್ತಿದ್ದವನು ಅವನೊಬ್ಬನೇ. ಹೇಳಿದರೆ ಸ್ಟೂಲು ಹೋಗುತ್ತದೆ, ಹೇಳದಿದ್ದರೆ ಆ ಹುಡುಗಿ ತಜ್ಞರ ಮುಂದೆ ತನ್ನ ಮೊದಲ ಸಂಶೋಧನೆಯಲ್ಲೇ ಸುಳ್ಳು ಓದುತ್ತಾಳೆ. ಒಮ್ಮೆ ಧೈರ್ಯ ಮಾಡಿ ನಿರ್ದೇಶಕರ ಬಾಗಿಲಿಗೆ ಹೋದ.

"ಸಾಹೇಬ್ರ, ಇಪ್ಪತ್ತೇಳನೇದ್ದು ಇನ್ನೊಮ್ಮೆ ಕೊಯ್ದು ನೋಡೂಣೇನ್ರಿ?"

"ಯಾಕೆ? ಇಷ್ಟು ಸುಂದರವಾಗಿ ಬಂದದ್ದನ್ನು ಮತ್ತೆ ಯಾಕೆ ಕೊಯ್ಯಬೇಕು?" ಎಂದರು ಅಂದಪ್ಪನವರು. ಸುಂದರವಾಗಿ ಬಂದದ್ದೇ ತೊಂದರೆ ಎಂಬುದನ್ನು ನುಂಗಿಕೊಂಡು ಶಿವಪುತ್ರ ಸ್ಟೂಲಿಗೆ ಮರಳಿದ.

ತಜ್ಞರು ಬರುವುದು ಮಂಗಳವಾರ. ಅದರ ಹಿಂದಿನ ಭಾನುವಾರ ಚೇತನಾ ಆ ದಿನಕ್ಕೆ ಉಡಲು ಇಳಕಲ್ಲ ಸೀರೆ ಬೇಕೆಂದಳು. "ಅಂಗಡಿಗೆ ಯಾಕ್ರಿ, ನಮ್ಮವ್ವ ಇನ್ನೂ ನೇಯ್ತಾಳ," ಎಂದು ಶಿವಪುತ್ರ ಬಾಯಿತಪ್ಪಿ ಹೇಳಿಬಿಟ್ಟಿದ್ದ. ಇಬ್ಬರೂ ಇಳಕಲ್ಲಿಗೆ ಹೊರಟಾಗ ಹಣಮೇಶನೂ ಹೊರಟ. ಇವನು ಬದಾಮಿ ಕಡೆಯ, ಬೀರಪ್ಪ ದೇವರ ಒಕ್ಕಲಿನ ಮನೆಯ ಹುಡುಗ. ತರಬೇತಿಯಲ್ಲಿ ವಿಜ್ಞಾನಿಗಳ ಪಂಗಡದವನು. ಸೀರೆಯಲ್ಲಿ ಅವನಿಗೆ ಆಸಕ್ತಿ ಇರಲಿಲ್ಲ, ದಾರಿಯಲ್ಲಿ ಅಮೀನಗಡದ ಕರದಂಟಿನಲ್ಲಿ ಇತ್ತು.

ಶಿವಪುತ್ರನ ತಾಯಿ ಶಾರವ್ವ ಎಪ್ಪತ್ತು ದಾಟಿದವಳು. ಮಗ ಹೊಸ್ತಿಲು ದಾಟುತ್ತಲೇ, "ಯಾಕೊ ಸೊರಗೀದಿ? ಡಾಕ್ಟರ್ ನಡುವ ಇದ್ದೂ ಒಂದ ಗುಳಿಗಿ ಕೊಡೂದಿಲ್ಲೇನು ನಿನಗ?" ಎಂದಳು. ಚೇತನಾಳನ್ನು ಮೇಲಿಂದ ಕೆಳಗೆ ನೋಡಿ, "ನೀನೇನ ಡಾಕ್ಟರು? ಇಷ್ಟ ತೆಳ್ಳಗ ಇದ್ರ ರೋಗಿ ಹೆಂಗ ನಂಬ್ತಾನ?" ಎಂದಳು. ಆಮೇಲೆ ಕರಿನೀಲಿ ಒಡಲಿನ, ಕೆಂಪು ಸೆರಗಿನ ಸೀರೆಯೊಂದನ್ನು ಬಿಚ್ಚಿ ಹಾಸಿದಳು. ಚೇತನಾ ಕೈಯಾಡಿಸಿ ಇದೇ ಇರಲಿ ಎಂದಳು.

ಶಾರವ್ವ ಮಡಿಚಲಿಲ್ಲ. ಸೀರೆಯನ್ನು ತಿರುವಿ ಹಾಕಿ, ಬೆರಳಿಂದ ಸವರುತ್ತ ಹೋಗಿ ಒಂದು ಕಡೆ ನಿಲ್ಲಿಸಿದಳು.

"ಇಲ್ಲಿ ಬಾ ತಂಗಿ, ಕೈ ಕೊಡು. ಇಲ್ಲಿ ಒಂದ ಎಳಿ ಹರದಿತ್ತು, ಕೂಡಿಸೇನಿ. ಕೈಗೆ ಹತ್ತತೈತಿಲ್ಲ?"

"ಮುಂದಿನ ಮಗ್ಗಲಿಗೆ ಕಾಣೂದ ಇಲ್ಲಲ್ರಿ ಅಮ್ಮಾರ. ಮತ್ತ್ಯಾಕ ಹೇಳ್ತೀರಿ?"

"ಉಡಾಕಿ ನೀ. ನಾಳೆ ಪಿಸದು ಹರದ್ರ ಅಲ್ಲೇ ಹರೀತೈತಿ. ಹೇಳ್ದ ಕೊಟ್ರ ಆವತ್ತ ನೀ ಇಡೀ ಸೀರಿ ಬೈತೀದಿ. ಹೇಳಿ ಕೊಟ್ರ ಆ ಎಳಿ ಒಂದನ್ನ ಬೈತೀದಿ."

ಹಣಮೇಶ ಶಿವಪುತ್ರನನ್ನು ತೋರಿಸಿ ಕೇಳಿದ: "ನಮ್ಮ ಕಾಕಾಗೂ ನೀವ ಕಲಿಸಿದ್ದೇನಬೇ ಇದನ್ನ?"

"ಇವಗ ಇವರಪ್ಪ ಕಲಿಸ್ಯಾನ. ಗಂಟ ಕಂಡ್ರ ಸಾವಕಾರ ಮಜೂರಿ ಹಿಡೀತಿದ್ದ. ಅದಕ್ಕ ಅವನ ಕಣ್ಣಿಗೆ ಬೀಳದಂಗ ಗಂಟ ಹಾಕೂದ ಕಲಿಸಿದ. ಅದರಾಗ ಇಂವ ಭಾಳ ಶಾಣ್ಯಾ. ಯಾರೂ ಹಿಡದಿಲ್ಲ ಇವನ ಗಂಟ."

ಶಿವಪುತ್ರನ ಕೈಯಲ್ಲಿದ್ದ ಚಹಾ ಆರಿ ಕೆನೆಗಟ್ಟಿತು. "ಕುಡಿಯೋ, ವಿಷ ಹಾಕಿಲ್ಲ," ಎಂದಳು ತಾಯಿ.

ಹಿಂದಿರುಗುವ ಬಸ್ಸಿನಲ್ಲಿ ಚೇತನಾ ಕಿಟಕಿಯ ಹತ್ತಿರ, ನಡುವೆ ಹಣಮೇಶ, ಈಚೆ ತುದಿಗೆ ಶಿವಪುತ್ರ. ಹುನಗುಂದ ದಾಟಿತು. ಶಿವಪುತ್ರ ಮೂರು ಸಲ ಬಾಯಿ ತೆರೆದು ಮೂರು ಸಲ ಮುಚ್ಚಿದ. ನಾಲ್ಕನೆಯ ಸಲ ಮಾತು ಹೊರಬಂತು.

"ಡಾಕ್ಟರ್ ಬಾಯಾರ, ನಿಮ್ಮ ಇಪ್ಪತ್ತೇಳರಾಗ ಗಂಟ ಐತ್ರಿ."

"ಏನಂದ್ರಿ?" ಎಂದಳು ಚೇತನಾ. ನಮ್ಮ ಬಸ್ಸುಗಳಲ್ಲಿ ಹಾರ್ನು ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುತ್ತದೆ.

ತಪ್ಪೊಪ್ಪಿಗೆಯನ್ನು ಪಿಸುಮಾತಿನಲ್ಲಿ ಮಾಡುವ ಅನುಕೂಲ ಶಿವಪುತ್ರನಿಗೆ ಸಿಗಲಿಲ್ಲ. ಅವನು ಕೂಗಬೇಕಾಯಿತು. "ಹುಲ್ಲಪ್ಪಂದು ಆಳದ ಚೂರು ಹರೀತ್ರಿ. ನಾ ಮ್ಯಾಲಿನ ಚೂರು ಹಾಕಿದ್ನಿ. ನಿಮಗ ಹೇಳಲಿಲ್ಲ. ಅದಕ್ಕ ಅದರಾಗ ಬಣ್ಣ ಇಲ್ರಿ."

ಬಸ್ಸಿನ ಮುಕ್ಕಾಲು ಜನಕ್ಕೆ ವಿಷಯ ತಿಳಿಯಿತು. ಹಣಮೇಶ ಬಾಯಿಗೆ ಒಯ್ಯುತ್ತಿದ್ದ ಶೇಂಗಾ ಅಲ್ಲೇ ನಿಂತಿತು. ಚೇತನಾ ಕಿಟಕಿಯ ಆಚೆ ನೋಡುತ್ತ ಕೂತಳು. ಮುಂದಿನ ಸೀಟಿನ ಅಜ್ಜನೊಬ್ಬ ಹಿಂದಕ್ಕೆ ತಿರುಗಿ, "ತಪ್ಪಾತಂತ ತಾನ ಹೇಳಾಕತ್ಯಾನಲ್ಲವ್ವಾ, ಏನರ ಒಂದ ಮಾತಾಡು," ಎಂದ. ಯಾರ ಚೂರು, ಎಲ್ಲಿ ಹರಿಯಿತು ಎಂಬುದೊಂದೂ ಅವನಿಗೆ ಗೊತ್ತಿರಲಿಲ್ಲ.

"ಆ ಅಜ್ಜಗ ನಿಂದ ಅಪರೂಪದ ರೋಗ ಅಂತ ಹೇಳಿ ಕಳಿಸೇವಿ," ಎಂದಳು ಚೇತನಾ ಕೊನೆಗೆ. "ನಾ ಮಂಗಳವಾರ ಅದನ್ನ ಎದ್ದು ನಿಂತು ಓದಾಕಿದ್ದೆ ಅಣ್ಣಾರ."

"ಗೊತ್ರಿ. ಅದಕ್ಕ ನಿದ್ದಿ ಹತ್ತವಲ್ದು."

"ಆಳದ ಬ್ಲಾಕ್ ಇನ್ನೂ ಐತೋ, ಒಗದೀರೋ?"

"ಐತ್ರಿ. ಅಕ್ಕಿಕಾಳಿನಷ್ಟ ಉಳದೈತಿ."

"ನಾಳೆ ಮುಂಜಾನೆ ಕೊಯ್ಯೂಣು."

"ತಪ್ಪ ಅಂತ ಗೊತ್ತಾದ್ರ ನಿಮ್ಮ ಸ್ಟೂಲ ಹೊಕ್ಕೈತಿ ಕಾಕಾ," ಎಂದ ಹಣಮೇಶ. ಅದನ್ನು ಯಾರೋ ಒಬ್ಬರು ಹೇಳಲೇಬೇಕಿತ್ತು.

"ಹೋದ್ರ ಹೋಗ್ಲಿ. ನಿಂತ ಕೊಯ್ಯಾಕ ಬರೂದಿಲ್ಲ, ಅಷ್ಟ ಬ್ಯಾಸರ," ಎಂದ ಶಿವಪುತ್ರ. ಅಮೀನಗಡದಲ್ಲಿ ಬಸ್ಸು ನಿಂತಿತು. ಹಣಮೇಶ ಇಳಿದು ಕರದಂಟು ತಂದು ಮೊದಲ ತುಂಡನ್ನು ಶಿವಪುತ್ರನಿಗೇ ಕೊಟ್ಟ.

ಸೋಮವಾರ ಮುಂಜಾನೆ ಅಬ್ದುಲಸಾಬನ ಸೋಡಾ ಅಂಗಡಿಯಿಂದ ಐಸು ಬಂತು. ಬ್ಲಾಕನ್ನು ಅದರ ಮೇಲಿಟ್ಟು ತಣಿಸಿದರು. ನೆಲಕ್ಕೆ ನೀರು ಹೊಡೆದರು. ಫ್ಯಾನು ಆರಿಸಿದರು. ಶಿವಪುತ್ರ ಸ್ಟೂಲಿನ ಮೇಲೆ ಕೂತ. ಚೇತನಾ ನೀರಿನ ತಟ್ಟೆಯ ಹತ್ತಿರ ಗಾಜು ಹಿಡಿದು ನಿಂತಳು. ನಾನು ಬಾಗಿಲಲ್ಲಿ ನಿಂತಿದ್ದೆ. ಕೆಮ್ಮಿದರೆ ಕೊಲ್ಲುತ್ತೇನೆ ಎಂಬಂತೆ ಹಣಮೇಶ ನನ್ನನ್ನು ನೋಡಿದ.

ಮೊದಲ ಪದರು ಹರಿಯಿತು. ಎರಡನೆಯದು ಬರಲೇ ಇಲ್ಲ. ಶಿವಪುತ್ರ ಬ್ಲಾಕಿನ ಮೇಲೆ ಬಾಗಿ ಮೆಲ್ಲಗೆ 'ಹಾ' ಎಂದು ಹಬೆ ಬಿಟ್ಟ. ಚಕ್ರ ಒಂದು ಸುತ್ತು ತಿರುಗಿತು. ಮೂರನೆಯ ಪದರು ಇಳಿಯಿತು. ಒಂದು ಮೂಲೆ ಹರಿದಿತ್ತು, ಉಳಿದದ್ದು ಗಟ್ಟಿ ಇತ್ತು. ಚೇತನಾ ಅದನ್ನು ಗಾಜಿನ ಮೇಲೆ ಎತ್ತಿಕೊಂಡಳು.

"ಮೂಲಿ ಹರದೈತ್ರಿ," ಎಂದ ಶಿವಪುತ್ರ ಅಭ್ಯಾಸದಂತೆ ನಾಚಿಕೊಂಡು.

"ಇರ್ಲಿ. ಹರದಂಗ ತೋರಸೂಣು," ಎಂದಳು.

ಬಣ್ಣ ಹಾಕಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ನಾಲ್ಕು. ಚೇತನಾ ಇಣುಕಿದಳು, ಹಣಮೇಶನೂ ಇಣುಕಿದ. ಇಪ್ಪತ್ತೇಳರ ತುಂಬ ಕಂದು, ಉಳಿದ ಮೂವತ್ತೊಂಬತ್ತರಂತೆಯೇ. ಬಾಗಲಕೋಟೆ ಮಾದರಿ ನಾಲ್ಕು ಗಂಟೆ ಐದು ನಿಮಿಷಕ್ಕೆ ತೀರಿಕೊಂಡಿತು. ಆ ಸಂಜೆಯೇ ಶಿವಪುತ್ರ ನೂರು ಪುಟದ ನೋಟುಬುಕ್ಕೊಂದನ್ನು ತಂದು, ಮೇಲೆ ಪೆನ್ಸಿಲಿನಿಂದ 'ಹರಿದದ್ದು' ಎಂದು ಬರೆದು, ಮೊದಲ ಪುಟದಲ್ಲಿ ನಾಲ್ಕು ಸಾಲು ದಾಖಲಿಸಿದ: 'ನಂಬರ ೨೭. ಆಳದ ಚೂರು ಹರಿಯಿತು. ಮೇಲಿನ ಚೂರು ಹಾಕಿದೆ. ಹೇಳಲಿಲ್ಲ.' ಕೆಳಗೆ ಸಹಿ.

ಅಂದಪ್ಪನವರಿಗೆ ವಿಷಯ ತಿಳಿಸಿದಾಗ ಅವರು ಕುರ್ಚಿಗೆ ಒರಗಿ ಛಾವಣಿ ನೋಡಿದರು.

"ಹಂಗಾರ ರೊಟ್ಟಿ?"

"ಹೋತ್ರಿ ಸರ್," ಎಂದಳು ಚೇತನಾ.

"ಮೊಸರು?"

"ಅದೂ ಹೋತ್ರಿ."

"ಎರಡೂ ಇರಲಿ ಎಂದರೆ?" ಅವರ ಪುಸ್ತಕದ ಕನ್ನಡ ಮರಳಿ ಬಂತು. "ಹಳೆಯ ಪಟ್ಟಿಯೂ ಸುಳ್ಳಲ್ಲವಲ್ಲ. ಅದೂ ಹುಲ್ಲಪ್ಪನದೇ. ಆಳ, ಮೇಲು ಎಂಬ ಸಣ್ಣ ವಿವರವನ್ನು ಬಿಟ್ಟರೆ."

"ಸರ್, ನಾ ಓದೂದಾದ್ರ ಆದದ್ದು ಆದಂಗ ಓದ್ತೇನಿ. ಇಲ್ಲಂದ್ರ ನೀವ ಓದ್ರಿ."

ಅವರು ಶಿವಪುತ್ರನ ಕಡೆ ತಿರುಗಿದರು. "ಉಗ್ರಾಣದ ಕೀಲಿ ಎಲ್ಲಿ ತೂಗ ಹಾಕ್ಯಾರ, ಗೊತ್ತೈತಿಲ್ಲೊ?"

"ಗೊತ್ತೈತ್ರಿ ಸಾಹೇಬ್ರ."

ಮಂಗಳವಾರ ತಜ್ಞರು ಬಂದರು. ದೊಡ್ಡ ಕಾರಿನಿಂದ ದೊಡ್ಡ ಮನುಷ್ಯರೊಬ್ಬರು ಇಳಿಯುತ್ತಾರೆಂದು ಹಾರ ಹಿಡಿದು ನಿಂತಿದ್ದೆವು. ಆಟೋದಿಂದ ಬಟ್ಟೆಚೀಲ ಹಿಡಿದ, ನರೆಗೂದಲಿನ ಹೆಂಗಸೊಬ್ಬರು ಇಳಿದು, "ಪೆಥಾಲಜಿ ಎಲ್ಲೈತ್ರಿ?" ಎಂದು ಹಾರದವನನ್ನೇ ಕೇಳಿದರು. ಅವರೇ ಡಾಕ್ಟರ್ ಸುನಿತಾ. ಮುಂಬಯಿಯಲ್ಲಿದ್ದರೂ ಹುಟ್ಟಿದ್ದು ಧಾರವಾಡದಲ್ಲಿ.

ಚೇತನಾ ಕರಿನೀಲಿ ಸೀರೆಯುಟ್ಟು ಓದಿದಳು. ಇಪ್ಪತ್ತೇಳು ಬಂದಾಗ ಎರಡೂ ಚಿತ್ರ ತೋರಿಸಿದಳು. ಮೊದಲನೆಯದು ಹೇಗೆ ತಪ್ಪಾಯಿತು, ಎರಡನೆಯದರ ಮೂಲೆ ಯಾಕೆ ಹರಿದಿದೆ, ನಡುವೆ ರೋಗಿಗೆ ಏನು ತಪ್ಪು ಹೇಳಿದೆವು, ಎಲ್ಲವನ್ನೂ ಹೇಳಿದಳು. ಯಾರು ಮಾಡಿದ್ದು ಎಂದು ಮಾತ್ರ ಹೇಳಲಿಲ್ಲ. ಅಂದಪ್ಪನವರು ತಮ್ಮ ಉಗುರುಗಳನ್ನು ಪರೀಕ್ಷಿಸುತ್ತಿದ್ದರು.

"ಕೊಯ್ದವರು ಯಾರು?" ಎಂದರು ಸುನಿತಾ.

"ನಾನ್ರಿ," ಎಂದ ಬಾಗಿಲಲ್ಲಿ ನಿಂತಿದ್ದ ಶಿವಪುತ್ರ. "ಮೊದಲ ಚಂದ ಕಾಣ್ಲಿ ಅಂತ ಕೊಯ್ದಿದ್ನಿ. ಆಮ್ಯಾಲ ಖರೆ ಕೊಯ್ದ್ನಿ."

"ನಿಮ್ಮ ಯಂತ್ರ ತೋರಸ್ರಿ."

ಎಲ್ಲರೂ ಸಾಲಾಗಿ ಹಿಂದೆ ಹೊರಟರು. ಸುನಿತಾ ಕೋಣೆಯನ್ನು ಸುತ್ತ ನೋಡಿದರು, ಒದ್ದೆ ನೆಲ ನೋಡಿದರು, ಸ್ಟೂಲಿನ ಕಾಲಿನ ಕೆಳಗಿನ ಎಕ್ಸ್‌ರೇ ಫಿಲ್ಮು ನೋಡಿದರು. ಆಮೇಲೆ ಚೀಲವನ್ನು ಹಣಮೇಶನ ಕೈಗೆ ಕೊಟ್ಟು ಸ್ಟೂಲಿನ ಮೇಲೆ ತಾವೇ ಕೂತುಬಿಟ್ಟರು. "ಇಪ್ಪತ್ತ ವರ್ಷ ಆತು ಇದನ್ನ ಮುಟ್ಟಿ. ಕಲಿಯೂ ಬ್ಲಾಕ್ ಒಂದ ಕೊಡ್ರಿ," ಎಂದರು.

ಚಕ್ರ ತಿರುಗಿಸಿದರು. ಒಂದು ಪದರು ಬಂತು, ಎರಡು ಬಂತು. ಮೂರನೆಯದಕ್ಕೆ ರಿಬ್ಬನ್ನು ಉದ್ದಕ್ಕೂ ಸೀಳಿ ಎರಡಾಯಿತು.

ಅಂದಪ್ಪನವರು, "ಯಂತ್ರ ಹಳೆಯದು ಮೇಡಂ, ಅಲಗಿನ ದೋಷ," ಎನ್ನಲು ಶುರು ಮಾಡಿದ್ದರು. ಅಷ್ಟರಲ್ಲಿ ಶಿವಪುತ್ರ, ಹೊಸದಾಗಿ ಬಂದ ಹುಡುಗರಿಗೆ ಹೇಳುವ ಅದೇ ದನಿಯಲ್ಲಿ, ನೋಟುಬುಕ್ಕನ್ನೂ ಮೊಂಡು ಪೆನ್ಸಿಲನ್ನೂ ಮುಂದೆ ಚಾಚಿದ್ದ.

"ಅಲಗ ಬರೋಬರಿ ಐತ್ರಿ. ನೀವ ಜ್ವಾರ್ಲೆ ತಿರಿವಿದ್ರಿ. ಹರದದ್ದ ಇದರಾಗ ಬರೀರಿ ಬಾಯಾರ. ಪೆನ್ಸಿಲಿನಾಗ."

ನಿರ್ದೇಶಕರು ಕಣ್ಣು ಮುಚ್ಚಿಕೊಂಡರು.

ಸುನಿತಾ ನೋಟುಬುಕ್ಕನ್ನು ತೆರೆದರು. ಮೊದಲ ಪುಟದ ನಾಲ್ಕು ಸಾಲುಗಳನ್ನು ಓದಿದರು, ಕೆಳಗಿನ ಸಹಿಯನ್ನೂ ಓದಿದರು. ಪೆನ್ಸಿಲಿನ ತುದಿಯನ್ನು ನಾಲಗೆಗೆ ಒತ್ತಿಕೊಂಡು ಎರಡನೆಯ ದಾಖಲೆ ಬರೆದರು: 'ಕಲಿಕೆಯ ಬ್ಲಾಕ್. ಮೂರನೆಯ ಪದರು ಸೀಳಿತು. ಚಕ್ರವನ್ನು ಜೋರಾಗಿ ತಿರುಗಿಸಿದೆ. ತಪ್ಪು ಯಂತ್ರದ್ದಲ್ಲ.' ಸಹಿ, ತಾರೀಖು. ಆಮೇಲೆ ಊಟಕ್ಕೆ ಹೋಟೆಲು ಬೇಡ, ಗಿರ್ಮಿಟ್ಟು ತರಿಸಿರಿ ಎಂದರು.

ಮಾರ್ಚಿನಲ್ಲಿ ಅವರ ವರದಿ ಬಂತು. ಅಂದಪ್ಪನವರು ಅದನ್ನು ಮೂರು ಸಲ ಓದಿ, ನಾಲ್ಕನೆಯ ಸಲ ನನ್ನಿಂದ ಓದಿಸಿದರು. ಪ್ರಮಾಣಪತ್ರದ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ತರಬೇತಿಗೆ ಬರುವ ಪ್ರತಿಯೊಬ್ಬರೂ, ಡಾಕ್ಟರಾಗಲಿ ವಿಜ್ಞಾನಿಯಾಗಲಿ, ಮೊದಲ ಹದಿನೈದು ದಿನ ಪದರು ಕೊಯ್ಯುವ ಕೋಣೆಯಲ್ಲೇ ಕಳೆಯಬೇಕು ಎಂದಿತ್ತು. ಮುಂದಿನ ಭೇಟಿಯಲ್ಲಿ ತಾವು ಮೊದಲು ನೋಡುವುದು ಆ ನೋಟುಬುಕ್ಕನ್ನು, ಅದು ಈಗ ಯಾರ ಬಳಿ ಇದೆಯೋ ಅವರ ಬಳಿಯೇ ಇರಲಿ ಎಂದಿತ್ತು.

"ಅಂದ್ರ ಏನ್ರೀ ಇದರ ಅರ್ಥ?" ಎಂದರು ಸಾಹೇಬರು.

"ಸ್ಟೂಲು ಅಲ್ಲೇ ಇರ್ಲಿ ಅಂದಂಗಾತ್ರಿ," ಎಂದೆ.

ಉಗ್ರಾಣದ ಕೀಲಿ ಮೊಳೆಯ ಮೇಲೆಯೇ ಉಳಿಯಿತು.

ಹುಲ್ಲಪ್ಪನಿಗೆ ವಿಷಯ ತಿಳಿಸುವ ಕೆಲಸವನ್ನು ಚೇತನಾ ತಾನೇ ವಹಿಸಿಕೊಂಡಳು. ಶಿವಪುತ್ರನನ್ನೂ ಪಕ್ಕದಲ್ಲಿ ಕೂಡಿಸಿಕೊಂಡಿದ್ದಳು. ರೋಗ ಎಲ್ಲರಿಗೂ ಬರುವಂಥದ್ದೇ, ಆಪರೇಷನ್ ಪೂರ್ತಿಯಾಗಿದೆ, ಔಷಧ ಬದಲಿಲ್ಲ, ತಪಾಸಣೆಗೆ ಮಾತ್ರ ತಪ್ಪದೆ ಬರಬೇಕು, ತಂಬಾಕು ಮುಟ್ಟಬಾರದು ಎಂದು ಬಿಡಿಸಿ ಹೇಳಿದಳು. ಅಜ್ಜ ಗಲ್ಲ ಸವರಿಕೊಂಡು ಯೋಚಿಸಿದ.

"ಹಂಗಾರ ಊರಾಗಿನ ಆ ನಾಕ ಮಂದಿದೂ ನಂದೂ ಒಂದ ಏನ್ರಿ?"

"ಒಂದ ರೀ ಅಜ್ಜಾರ. ತಪ್ಪ ನಮ್ಮದು."

"ಇರ್ಲಿ ಬಿಡ್ರಿ. ಫೋಟೋ ಅರ ಕೊಡ್ರಿ. ಸಾಹೇಬ್ರ ಚಲೋ ನಿಂತಾರ ಅದರಾಗ."

ಫೋಟೋ ಕೊಟ್ಟೆವು. ಚೇತನಾ ಮುಂದಿನ ವರ್ಷ ಮುಂಬಯಿಯಲ್ಲಿ ಎರಡು ವರ್ಷದ ಸಂಶೋಧನೆಗೆ ಆಯ್ಕೆಯಾಗಿ, ಮುಗಿಸಿ, ಬಾಗಲಕೋಟೆಗೇ ಮರಳಿ ಬಂದಳು. ಹಣಮೇಶ ಇನ್ನೂ ಎಲ್ಲಿ ಹೋದರೂ ಕರದಂಟಿನ ಕಾರಣ ಹುಡುಕುತ್ತಾನೆ. ತರಬೇತಿಯ ಉದ್ಘಾಟನೆಯಲ್ಲಿ ಅಂದಪ್ಪನವರು ಪ್ರತಿ ವರ್ಷ 'ವಿಜ್ಞಾನದಲ್ಲಿ ಪ್ರಾಮಾಣಿಕತೆ' ಎಂಬ ವಿಷಯದ ಮೇಲೆ ಒಂದೂವರೆ ತಾಸು ಮಾತಾಡುತ್ತಾರೆ. ಇಪ್ಪತ್ತೇಳನೇ ನಂಬರಿನ ಬಗ್ಗೆ ತಮಗೆ ಮೊದಲಿನಿಂದಲೂ ಸಂಶಯವಿತ್ತೆಂದು ಅದರಲ್ಲಿ ಹೇಳುತ್ತಾರೆ. ನಾವು ಚಪ್ಪಾಳೆ ಹೊಡೆಯುತ್ತೇವೆ. ಶಿವಪುತ್ರನೂ ಹೊಡೆಯುತ್ತಾನೆ, ಆಮೇಲೆ ಹೊಸಬರನ್ನು ಕೋಣೆಗೆ ಕರೆದೊಯ್ದು ಪೆನ್ಸಿಲು ಹಂಚುತ್ತಾನೆ.

ಎರಡು ಸಾವಿರದ ಒಂಬತ್ತರ ಹೊತ್ತಿಗೆ 'ಹರಿದದ್ದು' ಮೂರನೆಯ ನೋಟುಬುಕ್ಕಿಗೆ ಬಂದಿತ್ತು. ಮೊನ್ನೆ ತಿರುವಿ ಹಾಕಿದೆ. ಚಿನ್ನದ ಪದಕದವರ ಸಹಿ ಇದೆ, ಈಗ ದೊಡ್ಡ ದವಾಖಾನೆಗಳಲ್ಲಿ ಹೆಸರಾದವರ ಸಹಿ ಇದೆ, ಶಿವಪುತ್ರನದು ಹನ್ನೊಂದು ಕಡೆ ಇದೆ. ನಿರ್ದೇಶಕರ ಹೆಸರು ಮಾತ್ರ ಎಲ್ಲೂ ಸಿಗಲಿಲ್ಲ. ಅವರು ಆ ಯಂತ್ರವನ್ನು ಒಮ್ಮೆಯೂ ಮುಟ್ಟಿದವರಲ್ಲ. ಅವರ ಕೈಯಲ್ಲಿ ಏನಾದರೂ ಹರಿಯುವುದಾದರೂ ಹೇಗೆ.